ಗಾರ್ಡ್‌ಗೆ ತಾಗಿದರೂ ಹತ್ತಿದ ಹಸಿರು ದೀಪ

ಕಳೆದ ವರ್ಷ ನಮ್ಮ ರಾಜ್ಯದ ಒಂದು ಕೆಡೆಟ್ (17 ವರ್ಷದೊಳಗಿನವರ) ಫೆನ್ಸಿಂಗ್, ಅಂದರೆ ಕತ್ತಿವರಸೆ, ಟೂರ್ನಿಗೆ ಸಲಕರಣೆ ತಂತ್ರಜ್ಞನಾಗಿ ಹೋಗಿದ್ದೆ. ಆ ಕೆಲಸ ನನಗೆ ಅದೇ ಮೊದಲು. ಎರಡು ತಿಂಗಳು ತಯಾರಿ ಮಾಡಿಕೊಂಡಿದ್ದೆ. ಆದರೂ ಹುಡುಗಿಯರ ಎಪೆ (ಫೆನ್ಸಿಂಗ್‌ನ ಮೂರು ಬಗೆ ಕತ್ತಿಗಳಲ್ಲಿ ಒಂದು) ವಿಭಾಗದ ಒಂದು ಬೌಟ್‌ನಲ್ಲಿ, ಅಂದರೆ ಪಂದ್ಯದಲ್ಲಿ, ನಾನೇ ಪರೀಕ್ಷೆ ಮಾಡಿ ಪಾಸ್ ಮಾಡಿದ್ದ ಕೇಬಲ್‌ನಿಂದಾಗಿ ಒಂದು ಮಗುವಿಗೆ ಎರಡು ಟಚ್ (ಪಾಯಿಂಟ್) ಅನ್ಯಾಯವಾಯಿತು. ಅದು ಹೇಗಾಯಿತು, ನನ್ನ ತಯಾರಿಯಲ್ಲಿ ಎಲ್ಲಿ ತೂತು ಇತ್ತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಈ ಕೆಲಸಕ್ಕೆ ಕೂರುವವರಿಗೆ ಉಪಯೋಗವಾಗಬೇಕು ಅನ್ನೋದು ನನ್ನ ಆಸೆ.

ನನ್ನದು ಬೆಂಗಳೂರಿನಲ್ಲಿ ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಯುಪಿಎಸ್, ಇಂಡಕ್ಷನ್ ಒಲೆ ಸರಿ ಮಾಡುತ್ತೇನೆ. ಮಗಳು ಫೆನ್ಸಿಂಗ್ ಕಲಿಯೋಕೆ ಸೇರಿದ ಮೇಲೆ ಕ್ಲಬ್‌ನ ಮಕ್ಕಳ ಕತ್ತಿಗಳೆಲ್ಲ ಒಂದೊಂದಾಗಿ ನನ್ನ ಮೇಜಿಗೆ ಬರತೊಡಗಿದವು. ಒಂದು ದಿನ ಕೋಚ್ ಬಂದು, "ಅಣ್ಣಾ, ಈ ಸಲ ಟೂರ್ನಿಗೆ ಟೆಕ್ನಿಷಿಯನ್ ಸಿಗ್ತಿಲ್ಲ, ನೀವೇ ಬನ್ನಿ" ಅಂದರು. ಒಪ್ಪಿಕೊಂಡೆ.

ತಯಾರಿ

ಮೊದಲು ತಿಳಿದುಕೊಳ್ಳಬೇಕಾಗಿದ್ದು ಎಪೆ, ಫಾಯಿಲ್, ಸೇಬರ್ ಅನ್ನೋ ಮೂರು ಬಗೆ ಕತ್ತಿಗಳ ವೈರಿಂಗ್. ಎಪೆ ತುದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಮನೆಯ ಕಾಲಿಂಗ್ ಬೆಲ್ ಸ್ವಿಚ್ ಇದ್ದ ಹಾಗೆ. ಒತ್ತಿದರೆ ಎರಡು ತಂತಿ ಕೂಡುತ್ತವೆ, ಏಟು ತಾಗಿತು ಅಂತ ತೋರಿಸುವ ದೀಪ ಹತ್ತುತ್ತದೆ. ಫಾಯಿಲ್‌ನಲ್ಲಿ ಇದು ಉಲ್ಟಾ. ಸದಾ ಕೂಡಿಕೊಂಡೇ ಇರುವ ಸರ್ಕ್ಯೂಟ್ ಒತ್ತಿದಾಗ ಬಿಟ್ಟುಕೊಳ್ಳುತ್ತದೆ. ಸೇಬರ್‌ಗೆ ತುದಿಯಲ್ಲಿ ಸ್ವಿಚ್ಚೇ ಇಲ್ಲ, ಬ್ಲೇಡ್ ಎದುರಾಳಿಯ ಲೋಹದ ಜಾಕೆಟ್‌ಗೆ ತಾಗಿದರೆ ಸಾಕು. ಈ ಪ್ರಕರಣ ಎಪೆಯದ್ದು, ಅದನ್ನೇ ಬಿಡಿಸಿ ಹೇಳುತ್ತೇನೆ.

ಎಪೆ ಬ್ಲೇಡ್ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇದೆ. ಕೂದಲಿನಷ್ಟು ತೆಳ್ಳಗಿನ ಎರಡು ತಂತಿಗಳನ್ನು ಅದರಲ್ಲಿ ಅಂಟಿಸಿರುತ್ತಾರೆ. ಅವು ಗಾರ್ಡ್ (ಹಿಡಿಯ ಮುಂದೆ ಕೈ ಕಾಯುವ ಲೋಹದ ಬಟ್ಟಲು) ಒಳಗಿನ ಸಾಕೆಟ್‌ಗೆ ಬಂದು ಸೇರುತ್ತವೆ. ಸಾಕೆಟ್‌ನ ಮೂರನೇ ತೂತು ಗಾರ್ಡ್‌ನ ಲೋಹಕ್ಕೇ ಸೇರಿರುತ್ತದೆ. ಆಟಗಾರರ ತೋಳಿನೊಳಗೆ ಹಾದು ಬರುವ ಬಾಡಿ ವೈರ್‌ನಲ್ಲೂ ಹೀಗೇ ಮೂರು ತಂತಿ, ಎ, ಬಿ, ಸಿ. ಅದರ ಪ್ಲಗ್ ನೋಡಿದರೆ ನಡುವಿನ ಪಿನ್‌ನಿಂದ ಒಂದು ಪಕ್ಕಕ್ಕೆ 15 ಮಿಲಿಮೀಟರ್, ಇನ್ನೊಂದು ಪಕ್ಕಕ್ಕೆ 20. ಅದಕ್ಕೇ ತಿರುಗಾಮುರುಗಾ ಹಾಕೋಕೆ ಆಗುವುದಿಲ್ಲ. ಅಲ್ಲಿಂದ ಮುಂದೆ ಬೆನ್ನ ಹಿಂದೆ ತಂತಿಯನ್ನು ಬಿಟ್ಟು ಸುತ್ತಿಕೊಳ್ಳುವ ರೀಲ್, ನೆಲದ ಕೇಬಲ್, ಕೊನೆಗೆ ದೀಪದ ಪೆಟ್ಟಿಗೆ.

ಎ ಮತ್ತು ಬಿ ಟಚ್‌ಗೆ ಬೇಕಾದ ತಂತಿಗಳು. ಹಾಗಾದರೆ ಸಿ ಯಾಕೆ? ನಮ್ಮ ಮನೆಯ ಅರ್ಥಿಂಗ್ ಇದೆಯಲ್ಲ, ಅದೇ ಇದು. ಎದುರಾಳಿಯ ತುದಿ ನನ್ನ ಮೈಗೆ ಬದಲು ಗಾರ್ಡ್‌ಗೆ ತಾಗಿದರೂ ಸ್ವಿಚ್ ಒತ್ತಿಕೊಳ್ಳುತ್ತದೆ. ಆದರೆ ಗಾರ್ಡ್ ಸಿ ತಂತಿ ಮೂಲಕ ಪೆಟ್ಟಿಗೆಯ ಅರ್ಥ್‌ಗೆ ಸೇರಿರುವುದರಿಂದ ಪೆಟ್ಟಿಗೆಗೆ ಅದು ಗೊತ್ತಾಗುತ್ತದೆ, ದೀಪ ಹತ್ತಿಸುವುದಿಲ್ಲ. ಆ ಸಿ ತಂತಿ ತುಂಡಾಗಿದ್ದರೆ ಗಾರ್ಡ್‌ಗೆ ಬಿದ್ದ ಏಟು ಮೈಗೆ ಬಿದ್ದ ಏಟಿನ ಹಾಗೇ ಕಾಣುತ್ತದೆ. ಅರ್ಥಿಂಗ್ ಕಟ್ ಆಗಿದ್ದರೂ ಫ್ರಿಜ್ ಓಡುತ್ತಾ ಇರುತ್ತದೆ ಅಲ್ವಾ? ಹಾಗೆಯೇ ಸಿ ತುಂಡಾದ ಹುಡುಗಿಯ ಸ್ವಂತ ಟಚ್‌ಗಳೆಲ್ಲ ಸರಿಯಾಗಿಯೇ ದಾಖಲಾಗುತ್ತವೆ. ತನ್ನ ವೈರ್ ಕೆಟ್ಟಿದೆ ಅಂತ ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಇಷ್ಟೆಲ್ಲ ನನಗೆ ಟೂರ್ನಿಗೆ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೂ ಪರೀಕ್ಷೆಯಲ್ಲಿ ಅದನ್ನು ಹಿಡಿಯಲಿಲ್ಲ.

ತಯಾರಿಗೆ ಸಾಮಾನು ಜೋಡಿಸುವುದು ಖುಷಿಯ ಕೆಲಸ. ಎಸ್‌ಪಿ ರೋಡಿನಲ್ಲಿ ಸೋಲ್ಡರ್ ತಂತಿ, ಹೀಟ್ ಶ್ರಿಂಕ್ ಸ್ಲೀವ್, ಸಣ್ಣ ಚಿಮಟ, ವಾಚ್ ರಿಪೇರಿಯವರ ಸ್ಕ್ರೂಡ್ರೈವರ್ ಸೆಟ್ ತಂದೆ. ತುದಿಯ ಸ್ಪ್ರಿಂಗ್ ಪರೀಕ್ಷೆಗೆ ತೂಕದ ಬಟ್ಟು ಬೇಕು, ಫಾಯಿಲ್‌ಗೆ 500 ಗ್ರಾಂ, ಎಪೆಗೆ 750 ಗ್ರಾಂ. ಪೀಣ್ಯದ ಒಂದು ಲೇತ್ ಶಾಪ್‌ನಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದೆ. ಮೊದಲ ಸಲ 758 ಗ್ರಾಂ ಬಂತು. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ, ಅರದಿಂದ ಉಜ್ಜಿ, ಮತ್ತೆ ತೂಗಿ, ಸರಿಯಾಗಿ 750ಕ್ಕೆ ತಂದೆ. ಎಂಟು ಗ್ರಾಂಗೆ ಯಾಕಿಷ್ಟು ತಲೆಬಿಸಿ ಅಂತ ಅಂಗಡಿಯವರು ಕೇಳಿದರು. ಸ್ಪ್ರಿಂಗ್ ಆ ತೂಕವನ್ನು ಮೇಲೆತ್ತಲೇಬೇಕು, ಎತ್ತದಿದ್ದರೆ ಆ ಕತ್ತಿ ಫೇಲ್. ನನ್ನ ಬಟ್ಟು ಎಂಟು ಗ್ರಾಂ ಜಾಸ್ತಿ ಇದ್ದರೆ ಸರಿ ಇರುವ ಕತ್ತಿಯೂ ಫೇಲ್ ಆಗಬಹುದು. ಆಗ ಆ ಮಗುವಿನ ಮುಖ ನೋಡೋದು ನಾನು ತಾನೇ?

ಎಪೆಗೆ ಇನ್ನೂ ಎರಡು ಗೇಜ್ ಬೇಕು. 1.5 ಮಿಲಿಮೀಟರ್‌ನದ್ದು ತುದಿಯ ಸಂದಿಯಲ್ಲಿ ಹೋಗಬೇಕು. 0.5 ಮಿಲಿಮೀಟರ್‌ನದ್ದು ಸಂದಿಯಲ್ಲಿ ಇಟ್ಟು ಒತ್ತಿದಾಗ ದೀಪ ಹತ್ತಬಾರದು. ಹತ್ತಿತು ಅಂದರೆ ಒಳಗಿನ ಕಾಂಟ್ಯಾಕ್ಟ್ ಸ್ಪ್ರಿಂಗ್ ಉದ್ದ ಇದೆ ಅಂತ ಅರ್ಥ. ಪ್ರತಿ ಭಾನುವಾರ ಕ್ಲಬ್‌ಗೆ ಹೋಗಿ ಬಿಳಿ ಪಂಚೆಯ ಚೂರೊಂದನ್ನು ಮೇಜಿನ ಮೇಲೆ ಹಾಸಿ, ಹತ್ತು ಹನ್ನೆರಡು ತುದಿ ಬಿಚ್ಚಿ ಜೋಡಿಸುತ್ತಿದ್ದೆ. ತುದಿಯನ್ನು ಹಿಡಿದಿರುವ ಎರಡು ಸ್ಕ್ರೂಗಳು ಸಾಸಿವೆ ಕಾಳಿನಷ್ಟು ಇರುತ್ತವೆ. ಬಿಳಿ ಬಟ್ಟೆ ಮೇಲೆ ಬಿದ್ದರೆ ಕಾಣುತ್ತವೆ, ನೆಲಕ್ಕೆ ಬಿದ್ದರೆ ಹೋದವು ಅಂತಲೇ. ಎರಡು ತಿಂಗಳಾಗುವಷ್ಟರಲ್ಲಿ ಒಂದು ತುದಿಯನ್ನು ಮೂರು ನಿಮಿಷದಲ್ಲಿ ಬಿಚ್ಚಿ ಸ್ವಚ್ಛ ಮಾಡಿ ಜೋಡಿಸುವಷ್ಟು ಕೈ ಪಳಗಿತ್ತು.

ಕೇರಳದ ತಲಶ್ಶೇರಿ ಕಡೆಯ ಹಿರಿಯ ತಂತ್ರಜ್ಞರೊಬ್ಬರು ಫೋನಿನಲ್ಲಿ ಪಾಠ ಹೇಳುತ್ತಿದ್ದರು. ಭವಾನಿ ದೇವಿ ತರಬೇತಿ ಪಡೆದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇರುವ ಊರು ಅದು. ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸರ್ ಆಕೆ. ಕತ್ತಿ ಕೆಲಸ ಬಲ್ಲವರು ಆ ಕಡೆ ಇದ್ದಾರೆ. ಆ ಹಿರಿಯರು ನನಗೆ ಮೊದಲು ಹೇಳಿದ್ದು ರಿಪೇರಿ ಪಾಠ ಅಲ್ಲ, ಎರಡು ಹಳೇ ಘಟನೆಗಳು. ಒಂದು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ (ಫೆನ್ಸಿಂಗ್ ಸೇರಿ ಐದು ಆಟಗಳ ಸ್ಪರ್ಧೆ) ಸೋವಿಯತ್ ಆಟಗಾರ ಬೋರಿಸ್ ಒನಿಶ್ಚೆಂಕೊ ತಾಗದೇ ಇದ್ದರೂ ದೀಪ ಹತ್ತುವಂತೆ ತನ್ನ ಎಪೆಯ ವೈರಿಂಗ್ ಮಾಡಿಸಿಕೊಂಡು ಸಿಕ್ಕಿಬಿದ್ದ. ಇನ್ನೊಂದು, 1982ರ ರೋಮ್ ವಿಶ್ವ ಚಾಂಪಿಯನ್‌ಷಿಪ್. ಎದುರಾಳಿಯ ಮುರಿದ ಬ್ಲೇಡ್ ಮಾಸ್ಕ್ ಜಾಲರಿ ದಾಟಿ ಒಳನುಗ್ಗಿ ಸೋವಿಯತ್ ಫೆನ್ಸರ್ ವ್ಲಾದಿಮಿರ್ ಸ್ಮಿರ್ನೋವ್ ತೀರಿಕೊಂಡರು. "ನಿಮ್ಮ ಮೇಜಿನ ಮೇಲೆ ಬರೋ ಪ್ರತಿಯೊಂದು ಸಾಮಾನಿಗೂ ಈ ಎರಡರಲ್ಲಿ ಒಂದು ಕಾರಣ ಇರುತ್ತೆ. ಒಂದು ನ್ಯಾಯ, ಇನ್ನೊಂದು ಪ್ರಾಣ" ಅಂದರು. ಆ ಮಾತು ಮನಸ್ಸಲ್ಲಿ ಉಳಿಯಿತು.

ಚೆಕಿಂಗ್ ಮೇಜು

ಟೂರ್ನಿಯ ದಿನ ಬೆಳಿಗ್ಗೆ ಏಳಕ್ಕೆ ಮೇಜು ಹಾಕಿದೆ. ಎಂಟೂವರೆಗೆ ಆಟ ಶುರು. ಒಂದೂವರೆ ಗಂಟೆಯಲ್ಲಿ ನೂರಾರು ಕತ್ತಿ, ಅಷ್ಟೇ ಬಾಡಿ ವೈರ್, ಮಾಸ್ಕ್. ನನ್ನ ಜತೆ ಇಬ್ಬರು ಕಾಲೇಜು ಹುಡುಗರು ಸಹಾಯಕ್ಕಿದ್ದರು.

ಮಾಸ್ಕ್ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೆ. 12 ಕಿಲೋ ಒತ್ತಡದ ಪಂಚ್‌ನಿಂದ ಜಾಲರಿ ಒತ್ತಿ ನೋಡುತ್ತಿದ್ದೆವು. ಒಂದು ಮಾಸ್ಕ್‌ನ ಗಲ್ಲದ ಹತ್ತಿರ ತುಕ್ಕು ಇತ್ತು, ಒತ್ತಿದಾಗ ಎರಡು ತಂತಿ ಪಕ್ಕಕ್ಕೆ ಸರಿದವು. ಹುಡುಗನ ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಸರ್, ಇದೊಂದು ದಿನ ಬಿಟ್ಟುಬಿಡಿ, ಮುಂದಿನ ತಿಂಗಳು ಹೊಸದು ಕೊಡಿಸ್ತೀನಿ" ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಳ್ಳೆ ಮಾಸ್ಕ್ ಸಾವಿರಾರು ರೂಪಾಯಿ. ಆದರೆ ಆ ಜಾಲರಿಯ ಹಿಂದೆ ಇರೋದು ಅವರ ಮಗನ ಕಣ್ಣು. ಆಗಲ್ಲ ಅಂದೆ. ನಮ್ಮ ಕ್ಲಬ್‌ನ ಮಾಸ್ಕ್ ಒಂದನ್ನು ಆ ದಿನದ ಮಟ್ಟಿಗೆ ಅವನಿಗೆ ಕೊಡಿಸಿದೆವು. ತಂತ್ರಜ್ಞರಾಗಿ ಹೋಗುವವರು ಒಂದೆರಡು ಒಳ್ಳೆ ಮಾಸ್ಕ್ ಜತೆಗೆ ಒಯ್ಯಿರಿ. ಬೇಡ ಅನ್ನೋದು ಆಗ ಸುಲಭವಾಗುತ್ತದೆ.

ಇನ್ನು ಬಾಡಿ ವೈರ್. ಒಂದೊಂದು ತಂತಿಯ ರೆಸಿಸ್ಟೆನ್ಸ್ 1 ಓಮ್ ಮೀರಬಾರದು. ನಾನು ಮಲ್ಟಿಮೀಟರ್‌ನ ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬರುವ 0.3 ಓಮ್ ಕಳೆದು ಲೆಕ್ಕ ಹಾಕುತ್ತಿದ್ದೆ. ವೈರನ್ನು ಮೇಜಿನ ಮೇಲೆ ನೇರವಾಗಿ ಮಲಗಿಸುವುದು, ಎ ನೋಡು, ಬಿ ನೋಡು, ಸಿ ನೋಡು, ಬಣ್ಣದ ಟೇಪ್ ಸುತ್ತು, ಮುಂದಿನದು. ಆ ಹುಡುಗಿಯ ವೈರ್‌ಗೂ ನಾನೇ ಹಳದಿ ಟೇಪ್ ಸುತ್ತಿದ್ದೆ. ಸಿ ತಂತಿ 0.4 ಓಮ್. ಪಾಸ್.

ಮೂರನೇ ಪಿಸ್ಟ್

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಪೂಲ್ (ಗುಂಪು ಹಂತ) ಮುಗಿದು 15 ಟಚ್‌ನ ನಾಕೌಟ್ ಬೌಟ್‌ಗಳು ನಡೆಯುತ್ತಿದ್ದವು. ಮೂರನೇ ಪಿಸ್ಟ್‌ನಲ್ಲಿ (ಬೌಟ್ ಆಡುವ ಉದ್ದನೆಯ ಪಟ್ಟಿ) ಎಡಗಡೆ ಹದಿನಾಲ್ಕು ವರ್ಷದ ಒಬ್ಬಳು, ಬಲಗಡೆ ಅವಳಿಗಿಂತ ಎತ್ತರದವಳು. ಎಡಗಡೆಯವಳ ಟಚ್‌ಗೆ ಕೆಂಪು ದೀಪ, ಬಲಗಡೆಯವಳಿಗೆ ಹಸಿರು. 8–8 ಇದ್ದದ್ದು ಒಂದೇ ನಿಮಿಷದಲ್ಲಿ 8–11 ಆಯಿತು. ಮೂರು ಸಲವೂ ಎದುರಾಳಿ ಕೈಗೆ ಗುರಿ ಇಟ್ಟಳು, ಮೂರು ಸಲವೂ ಹಸಿರು. ಎಡಗಡೆಯವಳ ಕೋಚ್ "ಕೈ ಕೆಳಗೆ ಬಿಡಬೇಡ, ಕೈ ಕೆಳಗೆ ಬಿಡಬೇಡ" ಅಂತ ಕೂಗುತ್ತಿದ್ದರು. ಪಾಪ, ಅವಳು ಕೈ ಎತ್ತಿಯೇ ಹಿಡಿದಿದ್ದಳು. ಆಮೇಲೆ ಗೊತ್ತಾಯಿತು, ಎತ್ತಿ ಹಿಡಿದದ್ದೇ ತೊಂದರೆಯಾಗಿತ್ತು.

ಮೂರನೇದಾದ ಮೇಲೆ ಅವಳು ಮಾಸ್ಕ್ ತೆಗೆದು ರೆಫರಿ ಹತ್ತಿರ ಮೆಲ್ಲಗೆ ಹೇಳಿದಳು, "ಕೈಗೆ ತಾಗಿಲ್ಲ ಸರ್. ಗಾರ್ಡ್ ಮೇಲೆ ಠಣ್ ಅಂತು."

ರೆಫರಿ ಅನುಭವಸ್ಥರು. ಇಬ್ಬರಿಗೂ ಏನನ್ನೂ ಕೀಳಬೇಡಿ ಅಂದರು. ಇದು ಬಹಳ ಮುಖ್ಯ. ಪರೀಕ್ಷೆಗೆ ಮುಂಚೆ ಆಟಗಾರರು ಪ್ಲಗ್ ಕಿತ್ತರೆ, ಕತ್ತಿ ಬದಲಿಸಿದರೆ, ದೋಷ ಎಲ್ಲಿತ್ತು ಅಂತ ಸಾಬೀತು ಮಾಡೋಕೆ ಆಗುವುದಿಲ್ಲ, ಟಚ್ ರದ್ದು ಮಾಡಿಸುವ ಹಕ್ಕೂ ಹೋಗುತ್ತದೆ. ಆಮೇಲೆ ಅವರು ಎಡಗಡೆಯವಳ ತುದಿಯನ್ನು ಬಲಗಡೆಯವಳ ಗಾರ್ಡ್‌ಗೆ ಒತ್ತಿಸಿದರು. ದೀಪ ಹತ್ತಲಿಲ್ಲ. ಸರಿ. ಬಲಗಡೆಯವಳ ತುದಿಯನ್ನು ಎಡಗಡೆಯವಳ ಗಾರ್ಡ್‌ಗೆ ಒತ್ತಿಸಿದರು. ಹತ್ತಲಿಲ್ಲ. ಎಲ್ಲ ಸರಿ ಇದೆ ಅಂತ ಬೌಟ್ ಮುಂದುವರಿಸಬಹುದಿತ್ತು. ಆದರೆ ಅವರು ಆ ಹುಡುಗಿಗೆ, "ಆಡುವಾಗ ಹೇಗೆ ಹಿಡಿದಿದ್ದೆಯೋ ಹಾಗೇ ಹಿಡಿ" ಅಂದರು. ಅವಳು ಮಣಿಕಟ್ಟು ಮೇಲಕ್ಕೆ ಮಡಚಿ ಕತ್ತಿ ಎತ್ತಿದಳು. ಗಾರ್ಡ್‌ಗೆ ಒತ್ತಿದ ತಕ್ಷಣ ಹಸಿರು ದೀಪ ಹತ್ತಿತು.

ಆಗ ನನ್ನನ್ನು ಕರೆದರು.

ಇಲ್ಲಿ ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಬೆಳಿಗ್ಗೆಯಿಂದ ಆ ಪಿಸ್ಟ್‌ನ ಎಡಗಡೆ ರೀಲ್ ನಿಧಾನವಾಗಿ ಸುತ್ತಿಕೊಳ್ಳುತ್ತಿತ್ತು. ನನ್ನ ಅನುಮಾನವೆಲ್ಲ ಅದರ ಮೇಲೇ ಇತ್ತು. ರೀಲ್ ಒಳಗೆ ತಿರುಗುವ ರಿಂಗ್‌ಗೆ ಬ್ರಷ್ ಸರಿಯಾಗಿ ತಾಗದಿದ್ದರೆ ಇಂಥ ದೋಷ ಬರುತ್ತದೆ. ಓಡಿಹೋಗಿ ಬೇರೆ ರೀಲ್ ತಂದು ಹಾಕಿದೆ. ನಾಲ್ಕು ನಿಮಿಷ ಹೋಯಿತು. ಮತ್ತೆ ಪರೀಕ್ಷೆ, ಮತ್ತೆ ಹಸಿರು. ಆಮೇಲೆ ಕತ್ತಿಯ ಹಿಡಿ ನಟ್ ಸಡಿಲ ಇರಬಹುದು ಅಂತ ಆಲನ್ ಕೀ ಹಾಕಿ ಬಿಗಿ ಮಾಡಿದೆ. ಮತ್ತೆ ಹಸಿರು. ಸುತ್ತ ಮಕ್ಕಳು, ಕೋಚ್‌ಗಳು, ತಂದೆತಾಯಿ ನಿಂತು ನೋಡುತ್ತಿದ್ದರು. ಕೈ ಬೆವರುತ್ತಿತ್ತು. ಮನೆಯ ಮೇಜಿನ ಮೇಲೆ ಎಂದೂ ಹಾಗೆ ಆಗಿರಲಿಲ್ಲ.

ಅಂಗಡಿಯಲ್ಲಾದರೆ ನಾನು ಹೀಗೆ ಹುಡುಕುವವನೇ ಅಲ್ಲ. ಲೈನ್ ಕಟ್ ಆಗಿದ್ದರೆ ನಡುವಿಗೆ ಹೋಗಿ ನೋಡುತ್ತೇನೆ. ನಡುವಿನ ತನಕ ಸರಿ ಇದ್ದರೆ ಆಚೆ ಅರ್ಧದಲ್ಲಿ ಹುಡುಕು, ಇಲ್ಲದಿದ್ದರೆ ಈಚೆ ಅರ್ಧದಲ್ಲಿ. ಅದು ನೆನಪಾಯಿತು. ಬಾಡಿ ವೈರನ್ನು ರೀಲ್‌ನಿಂದ ಕಿತ್ತೆ. ರೀಲ್ ಸಾಕೆಟ್‌ನ ಸಿ ತೂತಿಗೆ ಒಂದು ಲೋಹದ ಪಿನ್ ಹಾಕಿ ಎದುರಾಳಿಯ ತುದಿಯನ್ನು ಆ ಪಿನ್‌ಗೆ ಒತ್ತಿಸಿದೆ. ದೀಪ ಇಲ್ಲ. ಅಂದರೆ ಪೆಟ್ಟಿಗೆ, ನೆಲದ ಕೇಬಲ್, ರೀಲ್ ಎಲ್ಲ ಸರಿ. ತಪ್ಪು ಬಾಡಿ ವೈರ್‌ನಲ್ಲಿ, ಇಲ್ಲವೇ ಕತ್ತಿಯಲ್ಲಿ. ಅವಳ ಎರಡನೇ ಕತ್ತಿಯನ್ನು ಅದೇ ವೈರ್‌ಗೆ ಹಾಕಿದೆ. ಮಣಿಕಟ್ಟು ಮಡಚಿದಾಗ ಹಸಿರು. ಎರಡನೇ ವೈರ್ ಹಾಕಿದೆ. ಎಷ್ಟು ಮಡಚಿದರೂ ದೀಪ ಇಲ್ಲ. ಈ ಮೂರೂ ಪರೀಕ್ಷೆಗೆ ಒಂದೂವರೆ ನಿಮಿಷವೂ ಆಗಲಿಲ್ಲ.

ರೆಫರಿ ಕೊನೆಯ ಟಚ್ ರದ್ದು ಮಾಡಿದರು. 8–10. ಅದಕ್ಕೆ ಹಿಂದಿನ ಎರಡು? ನಿಯಮದ ಪ್ರಕಾರ ದೋಷ ಸಾಬೀತಾಗುವ ಮುಂಚಿನ ಕೊನೆಯ ಟಚ್ ಒಂದನ್ನೇ ತೆಗೆಯಬಹುದು. ಆಟ ಮತ್ತೆ ಶುರುವಾದ ಮೇಲೆ ಹಿಂದಿನದ್ದು ಹಿಂದಿನದ್ದೇ. ಈ ನಿಯಮ ಸರಿ ಅಂತಲೇ ನಾನು ಹೇಳುತ್ತೇನೆ, ಇಲ್ಲದಿದ್ದರೆ ಯಾವ ಬೌಟೂ ಮುಗಿಯುವುದಿಲ್ಲ. ಆದರೆ ಅದಕ್ಕೇ ಚೆಕಿಂಗ್ ಮೇಜಿನ ಮೇಲೆ ಇಷ್ಟು ಭಾರ ಇರೋದು. ಅಲ್ಲಿ ತಪ್ಪಿದ್ದನ್ನು ಪಿಸ್ಟ್ ಮೇಲೆ ಪೂರ್ತಿ ಸರಿ ಮಾಡೋಕೆ ಬರುವುದಿಲ್ಲ.

ಆ ಹುಡುಗಿ 12–15ಕ್ಕೆ ಸೋತಳು. ಎರಡು ಟಚ್ ಇಲ್ಲದಿದ್ದರೆ ಗೆಲ್ಲುತ್ತಿದ್ದಳು ಅಂತ ಹೇಳಲಾರೆ, ಎದುರಾಳಿಯೂ ಚೆನ್ನಾಗಿ ಆಡಿದಳು. ಬೌಟ್ ಆದ ಮೇಲೆ ಅವಳ ಹತ್ತಿರ ಹೋಗಿ, "ಪುಟ್ಟಾ, ಆ ವೈರ್ ಪಾಸ್ ಮಾಡಿದ್ದು ನಾನು. ತಪ್ಪು ನನ್ನದು" ಅಂದೆ. ಅವಳು "ಪರವಾಗಿಲ್ಲ ಅಂಕಲ್" ಅಂದಳು. ಮುಖ ಸಪ್ಪಗಿತ್ತು. ಆ ವೈರನ್ನು ಕೇಳಿ ಇಸ್ಕೊಂಡೆ, ನನ್ನ ಹತ್ತಿರ ಇದ್ದ ಹೊಸದೊಂದನ್ನು ಕೊಟ್ಟೆ.

ಬಿಚ್ಚಿ ನೋಡಿದಾಗ

ಆ ರಾತ್ರಿ ಅಂಗಡಿಯಲ್ಲಿ ಬಲ್ಬಿನ ಕೆಳಗೆ ವೈರನ್ನು ಸೀಳಿದೆ. ಕತ್ತಿ ಕಡೆಯ ಪ್ಲಗ್‌ನಿಂದ ಒಂದು ಸೆಂಟಿಮೀಟರ್ ಈಚೆ, ಹೊರಗಿನ ಪ್ಲಾಸ್ಟಿಕ್ ನುಣ್ಣಗೆ ಹೊಸದರ ಹಾಗೇ ಇತ್ತು. ಒಳಗೆ ಸಿ ತಂತಿಯ ತಾಮ್ರದ ಎಳೆಗಳೆಲ್ಲ ತುಂಡು. ಎರಡು ತುದಿಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು, ಅಷ್ಟೇ. ತುದಿಗಳು ಹಸಿರು ಹಿಡಿದಿದ್ದವು, ಬೆವರಿನ ಉಪ್ಪಿನಿಂದ. ನೇರ ಮಲಗಿಸಿದರೆ 0.4 ಓಮ್. ಮೇಲಕ್ಕೆ ಮಡಚಿದರೆ ಬಿಟ್ಟುಕೊಳ್ಳುತ್ತದೆ. ಪ್ರತಿ ಸಲ ಕತ್ತಿ ಹಿಡಿದಾಗ ವೈರ್ ಬಗ್ಗುವ ಜಾಗವೇ ಅದು.

ಇನ್ನೊಂದು ಸಂಗತಿ ಆಗ ಹೊಳೆಯಿತು. ಬೆರಳಲ್ಲಿ ವೈರನ್ನು ಬೇಗ ಬೇಗ ಅಲ್ಲಾಡಿಸಿದರೆ ಮೀಟರ್‌ನಲ್ಲಿ ಕೆಲವು ಸಲ ಏನೂ ಕಾಣುತ್ತಿರಲಿಲ್ಲ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಎಪೆ ಪೆಟ್ಟಿಗೆಯೋ, ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 2ರಿಂದ 10 ಭಾಗದಷ್ಟು ಹೊತ್ತು ಒತ್ತಿದರೂ ಟಚ್ ಅಂತ ಹಿಡಿಯುತ್ತದೆ. ಪೆಟ್ಟಿಗೆ ಕಾಣುವುದನ್ನು ನನ್ನ ಮೀಟರ್ ಕಾಣುತ್ತಲೇ ಇರಲಿಲ್ಲ. ಎರಡು ತಿಂಗಳು ಓಮ್ ಲೆಕ್ಕದಲ್ಲೇ ಮುಳುಗಿದ್ದ ನನಗೆ ಇದು ತಲೆಗೆ ಬಂದಿರಲಿಲ್ಲ.

ಈಗ ಒಂದು ಸಣ್ಣ ಡಬ್ಬಿ ಮಾಡಿಕೊಂಡಿದ್ದೇನೆ. 9 ವೋಲ್ಟ್ ಬ್ಯಾಟರಿ, ಮೂರು ಎಲ್‌ಇಡಿ, ಒಂದೊಂದಕ್ಕೂ 470 ಓಮ್‌ನ ರೆಸಿಸ್ಟರ್, ಎರಡು ಬದಿಗೆ ಸಾಕೆಟ್. ಬಾಡಿ ವೈರ್‌ನ ಎರಡೂ ತುದಿ ಹಾಕಿದರೆ ಮೂರೂ ದೀಪ ಹತ್ತುತ್ತವೆ. ಆಮೇಲೆ ಪ್ಲಗ್ ಹತ್ತಿರ ಹಿಡಿದು ಮೇಲೆ, ಕೆಳಗೆ, ಎಡ, ಬಲ ಮಡಚುವುದು, ಸ್ವಲ್ಪ ತಿರುಚುವುದು. ಎರಡೂ ತುದಿಗೂ ಹೀಗೇ. ಯಾವುದಾದರೂ ದೀಪ ಒಮ್ಮೆ ಮಿಣುಕಿದರೂ ಆ ವೈರ್ ಫೇಲ್. ಕಣ್ಣು ಆ ಮಿಣುಕನ್ನು ಮೀಟರ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಹಾಗಂತ ಮೀಟರ್ ಬಿಡುವಂತಿಲ್ಲ. ತಂತಿ 3 ಓಮ್ ಆಗಿದ್ದರೂ ಎಲ್‌ಇಡಿ ಅಷ್ಟೇ ಜೋರಾಗಿ ಉರಿಯುತ್ತದೆ. ಎರಡೂ ಬೇಕು.

ಅಭ್ಯಾಸವನ್ನೂ ಬದಲಿಸಿದೆ. ಭಾನುವಾರ ತುದಿ ಬಿಚ್ಚುವುದು ಕಡಿಮೆ ಮಾಡಿ, ಕ್ಲಬ್‌ನ ಪಿಸ್ಟ್ ಮೇಲೆ ನಿಂತು ಹುಡುಕುವುದನ್ನು ಕಲಿಯುತ್ತಿದ್ದೇನೆ. ಕೋಚ್ ನನಗೆ ಗೊತ್ತಾಗದ ಹಾಗೆ ಎಲ್ಲೋ ಒಂದು ಕಡೆ ದೋಷ ಮಾಡಿಟ್ಟಿರುತ್ತಾರೆ. ಒಮ್ಮೆ ಸಾಕೆಟ್ ಸ್ಕ್ರೂ ಸಡಿಲ, ಒಮ್ಮೆ ಕೆಟ್ಟ ವೈರ್, ಒಮ್ಮೆ ನೆಲದ ಕೇಬಲ್. ಮಕ್ಕಳು ಸುತ್ತ ನಿಂತು ಗಲಾಟೆ ಮಾಡುತ್ತಾರೆ, ಮಗಳು ಸ್ಟಾಪ್‌ವಾಚ್ ಹಿಡಿಯುತ್ತಾಳೆ. ಬಾಡಿ ವೈರ್ ಮೊದಲು, ಕತ್ತಿ ಆಮೇಲೆ, ರೀಲ್ ಕೊನೆಗೆ. ಅನುಮಾನ ಯಾವುದರ ಮೇಲಿದ್ದರೂ ಸರಿ, ಈ ಕ್ರಮ ಬಿಡುವುದಿಲ್ಲ. ವೈರ್ ಬದಲಿಸೋಕೆ ಹತ್ತು ಸೆಕೆಂಡ್ ಸಾಕು, ರೀಲ್ ಬದಲಿಸೋಕೆ ನಾಲ್ಕು ನಿಮಿಷ ಬೇಕು.

ಮಡಚಿ ನೋಡುವ ಪರೀಕ್ಷೆಗೆ ಒಂದು ವೈರ್‌ಗೆ 20 ಸೆಕೆಂಡ್ ಜಾಸ್ತಿ ಬೇಕಾಗುತ್ತದೆ. 120 ವೈರ್ ಬಂದರೆ 40 ನಿಮಿಷ. ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಅದು ಆಗದ ಮಾತು. ಅದಕ್ಕೆ ಮುಂದಿನ ಟೂರ್ನಿಯ ಸಂಘಟಕರಿಗೆ ಮೊದಲೇ ಹೇಳಿದೆ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೇ ಚೆಕಿಂಗ್ ಮೇಜು ತೆರೆಯಬೇಕು, ಎರಡು ಮೇಜು, ಒಳ್ಳೆ ಬೆಳಕು, ಒಂದು ಪ್ಲಗ್ ಪಾಯಿಂಟ್ ಬೇಕು ಅಂತ. ಊಟದ ಲೆಕ್ಕ, ರೂಮಿನ ಲೆಕ್ಕ ಅಂತ ಸ್ವಲ್ಪ ಹೊತ್ತು ಮಾತಾಯಿತು. ಕೊನೆಗೆ ಒಪ್ಪಿದರು. ಆ ಸೀಳಿದ ವೈರ್ ಈಗ ನನ್ನ ಟೂಲ್‌ಬಾಕ್ಸ್‌ನಲ್ಲೇ ಇದೆ, ಹಳದಿ ಟೇಪ್ ಸಮೇತ. ಸಹಾಯಕ್ಕೆ ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಮೀಟರ್ ಹಿಡಿದು ನೋಡಿ ಅನ್ನುತ್ತೇನೆ, ಆಮೇಲೆ ಮಡಚಿ ನೋಡಿ ಅನ್ನುತ್ತೇನೆ.